ಅಮೆರಿಕದ ನೇವಿಯಲ್ಲಿ ಸೇಲರ್ ಆಗಿದ್ದೀರಾ? ಆಫೀಸರ್ ದಾರಿ ಆರಿಸುವ ಮುಂಚೆ ಇದನ್ನು ಓದಿ

ಇದು ಅಮೆರಿಕದ ನೌಕಾಪಡೆಯಲ್ಲಿ ಎನ್‌ಲಿಸ್ಟೆಡ್ ಸೇಲರ್ (ಅಧಿಕಾರಿಯಲ್ಲದ ನಾವಿಕ) ಆಗಿರುವ ಕನ್ನಡಿಗರಿಗೆ, ಜೊತೆಗೆ ಅವರ ಅಪ್ಪ ಅಮ್ಮಂದಿರಿಗೆ. ನಮ್ಮವರಲ್ಲಿ ಎರಡು ಬಗೆಯವರು ಸಿಗುತ್ತಾರೆ. ಇಲ್ಲೇ ಹುಟ್ಟಿ ಬೆಳೆದು, ಕಾಲೇಜಿನ ಸಾಲ ತಲೆ ಮೇಲೆ ಬೇಡ ಎಂದು ಹೈಸ್ಕೂಲ್ ಮುಗಿಸಿ ಸೇರಿದವರು ಒಂದು ಬಗೆ. ಊರಲ್ಲಿ ಬಿಇ, ಬಿಕಾಂ ಮುಗಿಸಿ ಗ್ರೀನ್ ಕಾರ್ಡ್ ಮೇಲೆ ಬಂದು, ಅಧಿಕಾರಿಯಾಗಲು ಅಮೆರಿಕದ ಪೌರತ್ವ ಬೇಕೇ ಬೇಕು ಎಂದು ಗೊತ್ತಾಗಿ, ಸರಿ ಸೇಲರ್ ಆಗಿಯೇ ಒಳಗೆ ಹೋಗೋಣ ಎಂದವರು ಇನ್ನೊಂದು ಬಗೆ. ಇಬ್ಬರಿಗೂ ಊರಿಂದ ಫೋನಲ್ಲಿ ಬರುವ ಪ್ರಶ್ನೆ ಒಂದೇ: "ಆಫೀಸರ್ ಯಾವಾಗ ಆಗ್ತೀಯಪ್ಪಾ?"

ಕೆಲವು ಮನೆಗಳಲ್ಲಿ ವಿವೇಕ್ ಮೂರ್ತಿ ಅವರು ಯೂನಿಫಾರ್ಮ್ ಹಾಕಿದ ಫೋಟೋ ಕಳಿಸಿ "ನಮ್ಮ ಮಂಡ್ಯದವರು ನೋಡು, ಅಡ್ಮಿರಲ್ ಆಗಿದ್ದಾರೆ" ಎನ್ನುವುದೂ ಉಂಟು. ಹಲ್ಲೆಗೆರೆ ಮೂಲದ ಅವರು ಸರ್ಜನ್ ಜನರಲ್ ಆಗಿದ್ದಾಗ ವೈಸ್ ಅಡ್ಮಿರಲ್ ದರ್ಜೆಯಲ್ಲಿದ್ದದ್ದು ನಿಜ. ಆದರೆ ಅದು ಸಾರ್ವಜನಿಕ ಆರೋಗ್ಯ ಸೇವೆಯ ಸಮವಸ್ತ್ರ, ನೇವಿಯದ್ದಲ್ಲ. ಆ ದಾರಿಗೆ ಎಂಬಿಬಿಎಸ್ ತರಹದ ಓದು ಬೇಕು. ನಮ್ಮ ವಿಷಯ ಬೇರೆ.

ಮೊದಲು ಕೆಲಸ ನೋಡಿ, ದಾರಿ ಆಮೇಲೆ

ಎಲ್ಲರೂ ಶುರು ಮಾಡುವುದು "ಯಾವ ದಾರಿ ಸುಲಭ, ಯಾವುದು ಬೇಗ?" ಎನ್ನುವುದರಿಂದ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಸಿಕ್ಕ ಮಾರನೇ ದಿನ ನೀವು ಮಾಡಬೇಕಾದ ಕೆಲಸ ಯಾವುದು? ಅದು ನಿಮಗೆ ಇಷ್ಟವಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಆಫೀಸರ್ ಕೆಲಸ ಎಂದರೆ ನಿಮ್ಮ ಈಗಿನ ಕೆಲಸಕ್ಕೇ ಜಾಸ್ತಿ ಸಂಬಳ ಅಂತಲ್ಲ. ನೀವು ಗ್ಯಾಸ್ ಟರ್ಬೈನ್ ರಿಪೇರಿ ಮಾಡುವುದರಲ್ಲಿ ಖುಷಿ ಕಾಣುವವರಾದರೆ, ಹಡಗಿಗೆ ಬಂದ ಹೊಸ ಎನ್‌ಸೈನ್ (ಅತಿ ಕಿರಿಯ ದರ್ಜೆಯ ಆಫೀಸರ್) ಸ್ಪ್ಯಾನರ್ ಮುಟ್ಟುವುದೇ ಇಲ್ಲ ಎಂದು ತಿಳಿದಿರಲಿ. ಬ್ರಿಜ್ ಮೇಲೆ (ಹಡಗು ನಡೆಸುವ ಕೋಣೆಯಲ್ಲಿ) ಪಾಳಿಯ ವಾಚ್ ನಿಲ್ಲುವುದು, ತನ್ನ ಡಿವಿಷನ್ನಿನ ಜನರ ಇವ್ಯಾಲ್ಯುಯೇಷನ್ (ಕೆಲಸದ ಮೌಲ್ಯಮಾಪನ ವರದಿ) ಬರೆಯುವುದು, ತಪಾಸಣೆಗೆ ಕಾಗದಪತ್ರ ಸಿದ್ಧ ಮಾಡುವುದು, ತನ್ನ ಸೇಲರ್ ಯಾರಾದರೂ ರಾತ್ರಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಬೆಳಗ್ಗೆ ಮೇಲಿನವರಿಗೆ ಉತ್ತರ ಕೊಡುವುದು, ಇವೇ ಅವನ ದಿನಚರಿ. ಕೈಕೆಲಸ ಬಿಟ್ಟು ಜನರ ಕೆಲಸ ಹಿಡಿಯಬೇಕು. ಕೆಲವರಿಗೆ ಇದು ಹೇಳಿ ಮಾಡಿಸಿದ ಹಾಗಿರುತ್ತದೆ. ಕೆಲವರು ಎರಡೇ ವರ್ಷಕ್ಕೆ ಬೇಸತ್ತು ಹೋಗುತ್ತಾರೆ.

ಆಫೀಸರ್‌ಗಳಲ್ಲೂ ಬಗೆಗಳಿವೆ. ಹಡಗು ನಡೆಸುವ ಸರ್ಫೇಸ್ ವಾರ್‌ಫೇರ್, ಸಬ್‌ಮರೀನ್, ಪೈಲಟ್, ಇವು ಒಂದು ಸಾಲು. ಹಡಗಿನ, ಸ್ಕ್ವಾಡ್ರನ್ನಿನ ಕಮಾಂಡ್ ಸಿಗುವುದು ಈ ಸಾಲಿನವರಿಗೆ. ಗುಪ್ತಚರ, ಸೈಬರ್, ಸಂಪರ್ಕ ವ್ಯವಸ್ಥೆ ನೋಡುವವರು ಇನ್ನೊಂದು ಸಾಲು. ಹಣ, ದಾಸ್ತಾನು, ಊಟದ ವ್ಯವಸ್ಥೆ ನೋಡುವ ಸಪ್ಲೈ ಕೋರ್ ಮತ್ತೊಂದು. ಪೈಲಟ್ ಆದರೆ ತರಬೇತಿ ಮುಗಿದು ವಿಂಗ್ಸ್ ಬ್ಯಾಡ್ಜ್ ಸಿಕ್ಕ ದಿನದಿಂದ 8 ವರ್ಷ ಸೇವೆ ಸಲ್ಲಿಸಲೇಬೇಕು. ಸಬ್‌ಮರೀನ್ ಆದರೆ ಪರಮಾಣು ವಿಭಾಗದ ಮುಖ್ಯಸ್ಥರಾದ ಅಡ್ಮಿರಲ್ ಖುದ್ದು ಕೂತು ಸಂದರ್ಶನ ಮಾಡುತ್ತಾರೆ. ನೇವಿಯ ಪರಮಾಣು ವಿಭಾಗ ಕಟ್ಟಿದ ಅಡ್ಮಿರಲ್ ರಿಕೋವರ್ ಶುರು ಮಾಡಿದ ಪದ್ಧತಿ ಅದು, ಇವತ್ತಿಗೂ ಬಿಟ್ಟಿಲ್ಲ. ಗಣಿತ, ಭೌತಶಾಸ್ತ್ರ ಅರೆಬರೆ ಇದ್ದರೆ ಅಲ್ಲಿಗೆ ಹೋಗಬೇಡಿ.

ಈ ಹೆಜ್ಜೆಯಲ್ಲಿ ಮಾಡಬೇಕಾದ್ದು ಇಷ್ಟೇ. ನಿಮಗೆ ಬೇಕೆನಿಸಿದ ಕೆಲಸದಲ್ಲಿ ಈಗ ಇರುವ ಲೆಫ್ಟಿನೆಂಟ್ ಒಬ್ಬರನ್ನು ಹಿಡಿದು ಕೂರಿಸಿ ಮಾತಾಡಿ. ಅವರು ಮೊದಲು ಸೇಲರ್ ಆಗಿದ್ದವರಾದರೆ ಇನ್ನೂ ಒಳ್ಳೆಯದು. ಅಂಥವರನ್ನು ಇಲ್ಲಿ ಮಸ್ಟಾಂಗ್ ಎನ್ನುತ್ತಾರೆ. ಎರಡೂ ಕಡೆಯ ಬದುಕು ನೋಡಿದವರು ಅವರು, ಬಣ್ಣ ಹಚ್ಚಿ ಹೇಳುವುದಿಲ್ಲ.

ಪೌರತ್ವ ಮತ್ತು ಊರಿನ ವಿಷಯ

ಇದು ನಮ್ಮವರಿಗೆ ಬಹಳ ಮುಖ್ಯ. ಇಂಗ್ಲಿಷಿನಲ್ಲಿ ಸಿಗುವ ಮಾರ್ಗದರ್ಶಿಗಳಲ್ಲಿ ಇದು ಇರುವುದಿಲ್ಲ, ಯಾಕೆಂದರೆ ಅವನ್ನು ಬರೆಯುವವರಿಗೆ ಈ ತೊಡಕೇ ಇಲ್ಲ.

ಗ್ರೀನ್ ಕಾರ್ಡ್ ಇದ್ದರೆ ಸೇಲರ್ ಆಗಬಹುದು. ಆಫೀಸರ್ ಆಗಲು ಪೌರತ್ವ ಬೇಕು. ಸೈನ್ಯದಲ್ಲಿರುವವರಿಗೆ ಪೌರತ್ವದ ದಾರಿ ಹತ್ತಿರದ್ದು. ಒಂದು ವರ್ಷ ಗೌರವಯುತ ಸೇವೆ ಮುಗಿದಿದ್ದರೆ ಒಂದು ಕಲಮಿನಡಿ ಅರ್ಜಿ ಹಾಕಬಹುದು. ಯುದ್ಧಕಾಲದ ಸೇವೆಗೆಂದು ಇನ್ನೊಂದು ಕಲಮು ಇದೆ. 2001ರ ಸೆಪ್ಟೆಂಬರ್ 11ರ ನಂತರ ಸೇವೆಯಲ್ಲಿದ್ದವರಿಗೆ ಅದು ಅನ್ವಯವಾಗುವಂತೆ ಅಧ್ಯಕ್ಷ ಬುಷ್ 2002ರಲ್ಲಿ ಆದೇಶ ಹೊರಡಿಸಿದರು. ಪೌರತ್ವದ ಎನ್-400 ಅರ್ಜಿಗೆ ಸೈನ್ಯದವರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ನಿಮ್ಮ ಸೇವೆಯನ್ನು ದೃಢಪಡಿಸುವ ಎನ್-426 ಎಂಬ ನಮೂನೆಗೆ ಕಮಾಂಡಿನ ಸಹಿ ಬೇಕು. ಹಡಗು ಆರೇಳು ತಿಂಗಳ ಡಿಪ್ಲಾಯ್‌ಮೆಂಟಿಗೆ ಹೊರಡುವ ಮುಂಚೆ ಆ ಸಹಿ ಹಾಕಿಸಿಕೊಳ್ಳಿ. ಸಮುದ್ರದ ಮಧ್ಯೆ ಬೆರಳಚ್ಚು ಕೊಡಲು ಎಲ್ಲಿಗೆ ಹೋಗುತ್ತೀರಿ?

ಇನ್ನು ಊರಿನ ಕಡೆಯ ಲೆಕ್ಕ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅಮೆರಿಕದ ಪ್ರಮಾಣ ತೆಗೆದುಕೊಂಡ ಕ್ಷಣ ನಿಮ್ಮ ಭಾರತದ ಪೌರತ್ವ ಹೋಯಿತು. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಇದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಮುಂದಿನದು. ಐಟಿ ಕೆಲಸದ ಗೆಳೆಯರು ಪೌರತ್ವ ಸಿಕ್ಕ ತಿಂಗಳಲ್ಲೇ ಒಸಿಐ ಕಾರ್ಡ್ (ವೀಸಾ ಇಲ್ಲದೆ ಭಾರತಕ್ಕೆ ಹೋಗಿ ಬರಲು ಬಿಡುವ ಕಾರ್ಡ್) ಮಾಡಿಸಿಕೊಂಡು ಹಾಯಾಗಿ ಇರುತ್ತಾರಲ್ಲ, ನಿಮಗೆ ಅದು ಸಿಗುವುದಿಲ್ಲ. ವಿದೇಶಿ ಸೈನ್ಯದಲ್ಲಿ ಇರುವವರಿಗೂ, ನಿವೃತ್ತರಾದವರಿಗೂ ಒಸಿಐ ಕೊಡುವಂತಿಲ್ಲ ಎಂದು ಭಾರತ ಸರ್ಕಾರದ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಸೇಲರ್ ಆದರೂ ಅಷ್ಟೇ, ಅಡ್ಮಿರಲ್ ಆದರೂ ಅಷ್ಟೇ. ಅಜ್ಜಿಯನ್ನು ನೋಡಲು ಹೋಗಬೇಕಾದರೂ ವೀಸಾ ಹಾಕಬೇಕು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಒಸಿಐ ಮಾಡಿಸಿಟ್ಟಿದ್ದರೆ ಸುಮ್ನೆ ಅದನ್ನೇ ಬಳಸುತ್ತಾ ಹೋಗಬೇಡಿ. ಕಾನ್ಸುಲೇಟಿಗೆ ಬರೆದು ಕೇಳಿ, ನಿಮ್ಮ ಕಮಾಂಡಿನ ಸೆಕ್ಯುರಿಟಿ ಮ್ಯಾನೇಜರ್‌ಗೂ ತಿಳಿಸಿ.

ಆಮೇಲೆ ಕ್ಲಿಯರೆನ್ಸ್, ಅಂದರೆ ರಹಸ್ಯ ಮಾಹಿತಿ ನೋಡಲು ಕೊಡುವ ಅನುಮತಿ. ಆಫೀಸರ್ ಆಗುವವರಿಗೆ ಸೀಕ್ರೆಟ್ ಮಟ್ಟದ ಕ್ಲಿಯರೆನ್ಸ್ ಬೇಕು, ಗುಪ್ತಚರ, ಸೈಬರ್ ಕಡೆ ಹೋದರೆ ಅದಕ್ಕೂ ಮೇಲಿನದು. ಎಸ್‌ಎಫ್-86 ಎಂಬ ಉದ್ದನೆಯ ನಮೂನೆ ತುಂಬಬೇಕು. ಅದರಲ್ಲಿ ವಿದೇಶದ ಸಂಬಂಧಿಕರು, ವಿದೇಶದ ಆಸ್ತಿ, ಅಲ್ಲಿನ ಬ್ಯಾಂಕ್ ಖಾತೆ, ವಿದೇಶಿ ಪ್ರಜೆಗೆ ಕಳಿಸಿದ ಹಣ, ಎಲ್ಲ ಕೇಳುತ್ತಾರೆ. ನಮ್ಮವರ ಉತ್ತರ ಚಿಕ್ಕದಾಗಿ ಇರುವುದಿಲ್ಲ, ಅಲ್ವಾ? ಮಾವ, ಚಿಕ್ಕಪ್ಪ, ಅತ್ತೆಯ ಮಕ್ಕಳ ಜೊತೆ ದಿನಾ ವಾಟ್ಸಾಪ್ ಮಾತು. ಅಮ್ಮನಿಗೆ ತಿಂಗಳಿಗಿಷ್ಟು ಹಣ. ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಪಹಣಿಯಲ್ಲಿ ನಿಮ್ಮ ಹೆಸರನ್ನೂ ಸೇರಿಸಿದ್ದಾರೆ, ನಿಮಗೆ ಯಾರೂ ಹೇಳಿಲ್ಲ. ಎಸ್‌ಬಿಐಯಲ್ಲೋ ಕೆನರಾ ಬ್ಯಾಂಕಿನಲ್ಲೋ ಓದುವಾಗ ತೆಗೆದ ಖಾತೆ ಹಾಗೇ ಬಿದ್ದಿದೆ.

ಇವು ಯಾವುವೂ ತಪ್ಪಲ್ಲ. ಭಾರತದಲ್ಲಿ ನೆಂಟರಿರುವ ಎಷ್ಟೋ ಜನರಿಗೆ ಕ್ಲಿಯರೆನ್ಸ್ ಸಿಕ್ಕಿದೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಮಾತ್ರ ಕಥೆ ಮುಗಿಯಿತು. ಹಾಗಾಗಿ ಅರ್ಜಿಗೆ ಒಂದು ವರ್ಷ ಮುಂಚೆಯೇ ಅಪ್ಪನ ಜೊತೆ ಕೂತು ಪಟ್ಟಿ ಮಾಡಿ. ಯಾವ ಜಮೀನಲ್ಲಿ ಹೆಸರಿದೆ, ಯಾವ ಖಾತೆ ಯಾರ ಜೊತೆ ಜಂಟಿಯಾಗಿದೆ, ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದು ನೋಡಿ. ಬೇಡದ ಖಾತೆ ಮುಚ್ಚಿ. ಜಮೀನನ್ನು ಅಣ್ಣನಿಗೋ ತಂಗಿಗೋ ಬಿಟ್ಟುಕೊಡುವ ಯೋಚನೆ ಇದ್ದರೆ ಅದಕ್ಕೆ ನೇವಿಯ ಒತ್ತಡ ಕಾರಣ ಆಗಬಾರದು, ಹಾಗೆ ಯಾರೂ ಕೇಳುವುದೂ ಇಲ್ಲ. ಊರಿನ ವಕೀಲರ ಹತ್ತಿರ ಮಾತಾಡಿ ನೀವೇ ತೀರ್ಮಾನಿಸಿ. ಕ್ಲಿಯರೆನ್ಸ್ ಬಂದ ಮೇಲೆ ಊರಿಗೆ ಹೋಗುವ ಪ್ರತಿ ಪ್ರಯಾಣವನ್ನೂ ಮುಂಚೆಯೇ ತಿಳಿಸಬೇಕು. ಮದುವೆಗೆ ಒಂದು ವಾರ ಇರುವಾಗ ಟಿಕೆಟ್ ಮಾಡಿ ಓಡುವ ಅಭ್ಯಾಸ ಇದ್ದರೆ ಬಿಡಿ.

ಡಿಗ್ರಿ ಎಲ್ಲಿದೆ?

ದಾರಿಯನ್ನು ನಿಜವಾಗಿ ನಿರ್ಧರಿಸುವುದು ಇದು. ಕೈಯಲ್ಲಿ ಪದವಿ ಇದೆಯಾ, ಅರ್ಧಕ್ಕೆ ನಿಂತಿದೆಯಾ, ಶುರುವೇ ಆಗಿಲ್ಲವಾ?

ಊರಿನ ಪದವಿ ಇರುವವರು ಅದನ್ನು ಇಲ್ಲಿ ಒಪ್ಪುವ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಮಾಡಿಸಬೇಕು. ವಿಟಿಯುವಿನ ನಾಲ್ಕು ವರ್ಷದ ಬಿಇಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮೂರು ವರ್ಷದ ಬಿಎ, ಬಿಎಸ್ಸಿ, ಬಿಕಾಂನಲ್ಲಿ ಎಡವುವುದು ಜಾಸ್ತಿ. ಕೆಲವು ಮೌಲ್ಯಮಾಪಕರು ಅದನ್ನು ಪೂರ್ತಿ ಪದವಿ ಎಂದು ಒಪ್ಪದೆ ಮೂರು ವರ್ಷದ ಕಾಲೇಜು ಓದು ಎಂದಷ್ಟೇ ಬರೆದು ಕೊಡುತ್ತಾರೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಆ ಮಧ್ಯದ ಬ್ಯಾಚಿನವರು ತಮ್ಮ ಅಂಕಪಟ್ಟಿ ಯಾವ ಪದ್ಧತಿಯದ್ದು ಎಂದು ನೋಡಿಕೊಳ್ಳಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದವರೂ ಹುಷಾರಾಗಿರಿ. 2013-14ರಿಂದ ಕೆಲವು ವರ್ಷ ಅದಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿ ಸಿಕ್ಕಿತು. ಅಂಕಪಟ್ಟಿಯನ್ನು ವಿಶ್ವವಿದ್ಯಾಲಯವೇ ಮೊಹರು ಹಾಕಿ ನೇರ ಕಳಿಸಬೇಕು ಎಂದು ಮೌಲ್ಯಮಾಪಕರು ಕೇಳಬಹುದು. ಅದಕ್ಕಾಗಿ ಊರಲ್ಲಿ ಯಾರಾದರೂ ಕಚೇರಿಗೆ ಅಲೆಯಬೇಕಾಗುತ್ತದೆ, ಆ ಸಮಯವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಪದವಿ ಇಲ್ಲದವರು ಮೊದಲು ನಿಮ್ಮ ಜಾಯಿಂಟ್ ಸರ್ವೀಸಸ್ ಟ್ರಾನ್‌ಸ್ಕ್ರಿಪ್ಟ್ ತೆಗೆದು ನೋಡಿ. ಬೂಟ್ ಕ್ಯಾಂಪಿನಿಂದ ಹಿಡಿದು ನೀವು ಮಾಡಿದ ತರಬೇತಿಗಳಿಗೆಲ್ಲ ಕಾಲೇಜು ಕ್ರೆಡಿಟ್ ಶಿಫಾರಸು ಅದರಲ್ಲಿರುತ್ತದೆ. ಕ್ಲೆಪ್ ಪರೀಕ್ಷೆ ಬರೆದು ಕೆಲವು ವಿಷಯಗಳನ್ನು ಕ್ಲಾಸಿಗೆ ಹೋಗದೆ ಮುಗಿಸಬಹುದು, ಮೊದಲ ಸಲದ ಶುಲ್ಕ ಸೈನ್ಯದವರಿಗೆ ಇಲ್ಲ. ಮಿಕ್ಕಿದ್ದನ್ನು ಟ್ಯೂಷನ್ ಅಸಿಸ್ಟೆನ್ಸಿನಲ್ಲಿ (ಸೇವೆಯಲ್ಲಿರುವಾಗ ಫೀಸಿಗೆ ಹಣ ಕೊಡುವ ಯೋಜನೆ) ಓದಿ. ಜಿಐ ಬಿಲ್ ಮಾತ್ರ ಆತುರದಿಂದ ಮುಟ್ಟಬೇಡಿ. ಅದು 36 ತಿಂಗಳ ಓದಿನ ಖರ್ಚಿನ ಸೌಲಭ್ಯ, ಮುಂದೆ ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ವರ್ಗಾಯಿಸಬಹುದು.

ಈಗ ದಾರಿಗಳು

ಪದವಿ ಕೈಯಲ್ಲಿದ್ದರೆ ಒಸಿಎಸ್, ಅಂದರೆ ಆಫೀಸರ್ ಕ್ಯಾಂಡಿಡೇಟ್ ಸ್ಕೂಲ್. ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ ಸುಮಾರು 13 ವಾರ. ಬೇರೆ ಯಾವ ದಾರಿಯೂ ಇಷ್ಟು ಚಿಕ್ಕದಲ್ಲ. ಮುಂಚೆ ಒಎಆರ್ ಎಂಬ ಪರೀಕ್ಷೆ ಬರೆಯಬೇಕು: ಗಣಿತ, ಓದಿ ಗ್ರಹಿಸುವುದು, ಯಂತ್ರಗಳ ತಿಳಿವಳಿಕೆ. ಅಂಕ 20ರಿಂದ 80ರ ನಡುವೆ ಬರುತ್ತದೆ. ಪೈಲಟ್ ಆಗಬೇಕೆಂದರೆ ಅದರ ದೊಡ್ಡ ರೂಪವಾದ ಎಎಸ್‌ಟಿಬಿ ಬರೆಯಬೇಕು. ಈ ಪರೀಕ್ಷೆಯನ್ನು ಜೀವಮಾನದಲ್ಲಿ ಮೂರೇ ಸಲ ಬರೆಯಬಹುದು. "ಸುಮ್ನೆ ಹೇಗಿದೆ ನೋಡೋಣ" ಎಂದು ಹೋಗಿ ಒಂದು ಅವಕಾಶ ಹಾಳು ಮಾಡಿಕೊಳ್ಳಬೇಡಿ. ಬಿಇ ಮಾಡಿದವರಿಗೆ ಗಣಿತ ಸಲೀಸು. ಇಂಗ್ಲಿಷ್ ಓದುವ ಭಾಗದಲ್ಲಿ ಸಮಯ ಸಾಲದೆ ಹೋಗುತ್ತದೆ, ಅದನ್ನು ಅಭ್ಯಾಸ ಮಾಡಿ. ಪ್ರತಿ ಕೆಲಸಕ್ಕೂ ವಯಸ್ಸು, ಅಂಕ, ಕಣ್ಣಿನ ನಿಯಮ ಬೇರೆ ಬೇರೆ. ಪ್ರೋಗ್ರಾಮ್ ಆಥರೈಸೇಷನ್ ಎಂಬ ಎರಡು ಮೂರು ಪುಟದ ಕಾಗದದಲ್ಲಿ ಅವೆಲ್ಲ ಇರುತ್ತವೆ. ನಿಮ್ಮ ಕೆಲಸದ್ದನ್ನು ಮುದ್ರಿಸಿ ಗೆರೆ ಎಳೆದು ಓದಿ. ಒಸಿಎಸ್‌ನಲ್ಲಿ ನಪಾಸಾದರೆ ಸೇಲರ್ ಆಗಿ ವಾಪಸ್ ಬರುತ್ತೀರಿ, ಕೆಲಸ ಹೋಗುವುದಿಲ್ಲ.

ಪದವಿ ಶುರುವಾಗಿಲ್ಲ ಅಥವಾ ಅರ್ಧದಲ್ಲಿದೆ, ವಯಸ್ಸು ಇಪ್ಪತ್ತರ ಆಸುಪಾಸು, ದಾಖಲೆ ಚೆನ್ನಾಗಿದೆ ಎಂದರೆ ಎಸ್‌ಟಿಎ-21. ಪೂರ್ತಿ ಹೆಸರು ಸೀಮನ್ ಟು ಅಡ್ಮಿರಲ್. ಇದರ ಹಿಂದೆ ಅಡ್ಮಿರಲ್ ಜೆರೆಮಿ ಬೂರ್ಡಾ ಇದ್ದಾರೆ. 1956ರಲ್ಲಿ ಸೇಲರ್ ಆಗಿ ಸೇರಿ, 1994ರಲ್ಲಿ ಇಡೀ ನೇವಿಯ ಮುಖ್ಯಸ್ಥರಾದವರು. ಕೆಳಗಿನಿಂದ ಬಂದು ಆ ಕುರ್ಚಿ ಹತ್ತಿದ ಮೊದಲಿಗರು. ತಮ್ಮಂಥವರಿಗೆ ಬಾಗಿಲು ಮುಚ್ಚಬಾರದು ಎಂದು ಈ ಯೋಜನೆಗೆ ಮತ್ತೆ ಜೀವ ಕೊಟ್ಟರು.

ಎಸ್‌ಟಿಎ-21ರಲ್ಲಿ ನೀವು ಪೂರ್ಣಾವಧಿ ಕಾಲೇಜಿಗೆ ಹೋಗುತ್ತೀರಿ, ಸೇಲರ್ ಸಂಬಳ ಮತ್ತು ಭತ್ಯೆ ನಿಲ್ಲುವುದಿಲ್ಲ. ಫೀಸು, ಪುಸ್ತಕಕ್ಕೆ ವರ್ಷಕ್ಕೆ 10,000 ಡಾಲರ್‌ವರೆಗೆ ಕೊಡುತ್ತಾರೆ. ಕೇಳಲು ಭಾರಿ ಅನಿಸುತ್ತದೆ. ಆದರೆ ಖಾಸಗಿ ವಿಶ್ವವಿದ್ಯಾಲಯದ ವರ್ಷದ ಫೀಸು ಇದರ ಐದಾರು ಪಟ್ಟು ಇರುವ ಕಡೆಯೂ ಉಂಟು, ಮಿಕ್ಕಿದ್ದು ನಿಮ್ಮ ಜೇಬಿನಿಂದ ಹೋಗುತ್ತದೆ. ಹಾಗಾಗಿ ನೇವಿಯ ಆರ್‌ಒಟಿಸಿ ಘಟಕ (ಕಾಲೇಜಿನಲ್ಲೇ ಅಧಿಕಾರಿ ತರಬೇತಿ ಕೊಡುವ ಘಟಕ) ಇರುವ ಸರ್ಕಾರಿ ವಿಶ್ವವಿದ್ಯಾಲಯವನ್ನೇ ಹುಡುಕಿ. ಹೆಸರಿನ ಹಿಂದೆ ಹೋಗಬೇಡಿ, ನಮ್ಮ ಮನೆಗಳಲ್ಲಿ ಆ ಕಾಯಿಲೆ ಜಾಸ್ತಿ. ಪದವಿಯನ್ನು 36 ತಿಂಗಳಲ್ಲಿ ಮುಗಿಸಬೇಕು. ಬೇಸಿಗೆ ರಜೆ ಎಂಬುದು ಇರುವುದಿಲ್ಲ. ಮುಂಚೆಯೇ ಒಂದಷ್ಟು ಕ್ರೆಡಿಟ್ ಇದ್ದರೆ ಬಚಾವು, ಶೂನ್ಯದಿಂದ ಶುರು ಮಾಡಿ ಎಂಜಿನಿಯರಿಂಗ್ ಮುಗಿಸುತ್ತೇನೆ ಎಂದರೆ ಉಸಿರು ಕಟ್ಟುತ್ತದೆ. ಸಾಮಾನ್ಯ ಆಯ್ಕೆಯಲ್ಲಿ 31 ತುಂಬುವ ಮುಂಚೆ ಕಮಿಷನ್ ಆಗಬೇಕು. ಆಮೇಲೆ ಕನಿಷ್ಠ ಐದು ವರ್ಷ ಸೇವೆ. ಕಾಲೇಜಿಗೆ ಮುಂಚೆ ನ್ಯೂಪೋರ್ಟ್‌ನಲ್ಲಿ ಒಂದು ಚಿಕ್ಕ ತರಬೇತಿಯೂ ಇದೆ.

ಅನಾಪೊಲಿಸ್‌ನ ನೇವಲ್ ಅಕಾಡೆಮಿ ಇನ್ನೂ ಚಿಕ್ಕವರಿಗೆ. ನೇವಿ ಕಾರ್ಯದರ್ಶಿಯ ಕೋಟಾದಲ್ಲಿ ವರ್ಷಕ್ಕೆ 170 ಸೇವಾನಿರತರವರೆಗೆ ಸೇರಲು ಅವಕಾಶ ಇದೆ: ಸಕ್ರಿಯ ಸೇವೆಯಿಂದ 85, ರಿಸರ್ವ್‌ನಿಂದ 85. ಮದುವೆ ಆಗಿರಬಾರದು, ಅವಲಂಬಿತರು ಇರಬಾರದು. ನಾಲ್ಕು ವರ್ಷ ಹಾಸ್ಟೆಲ್ ಶಿಸ್ತು. ಈಗಾಗಲೇ ಸ್ವಂತ ಅಪಾರ್ಟ್‌ಮೆಂಟು, ಕಾರು ಮಾಡಿಕೊಂಡು ಎರಡು ಡಿಪ್ಲಾಯ್‌ಮೆಂಟ್ ಮುಗಿಸಿದ 22ರ ಹುಡುಗನಿಗೆ 18ರ ಮಕ್ಕಳ ಜೊತೆ ಮತ್ತೆ ಮೊದಲಿನಿಂದ ಶುರು ಮಾಡುವುದು ಇಷ್ಟವಾಗುತ್ತದಾ, ಅವನೇ ಹೇಳಬೇಕು. ಹೈಸ್ಕೂಲ್ ಅಂಕ ಸ್ವಲ್ಪ ಕಡಿಮೆ ಇದ್ದರೆ ಮೊದಲು ಒಂದು ವರ್ಷ ನ್ಯೂಪೋರ್ಟ್‌ನ ಪೂರ್ವಸಿದ್ಧತಾ ಶಾಲೆಗೆ ಕಳಿಸುವುದೂ ಉಂಟು.

ಎಲ್‌ಡಿಒ (ಲಿಮಿಟೆಡ್ ಡ್ಯೂಟಿ ಆಫೀಸರ್, ತನ್ನ ಕೆಲಸದ ಕ್ಷೇತ್ರಕ್ಕೆ ಸೀಮಿತವಾದ ಅಧಿಕಾರಿ) ಮತ್ತು ವಾರಂಟ್ ಆಫೀಸರ್ (ತಾಂತ್ರಿಕ ಪರಿಣತ ಅಧಿಕಾರಿ) ದಾರಿಗೆ ಪದವಿ ಬೇಕಿಲ್ಲ. ನಮ್ಮವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ, ಡಿಗ್ರಿ ಇಲ್ಲದ ಆಫೀಸರ್ ಎಂದರೆ ಏನೋ ಕಡಿಮೆ ಎಂಬ ಭಾವನೆ. ನನ್ನ ಮಟ್ಟಿಗೆ ಇದು ಬಹಳ ಮಂದಿಗೆ ಹೊಂದುವ ದಾರಿ. ಒಂದು ಕೆಲಸವನ್ನು ಹತ್ತು ಹನ್ನೆರಡು ವರ್ಷ ಮಾಡಿ ಅರೆದು ಕುಡಿದಿದ್ದೀರಿ, ಅದರಲ್ಲೇ ಉಳಿಯಬೇಕು, ಆದರೆ ತೀರ್ಮಾನ ತೆಗೆದುಕೊಳ್ಳುವ ಜಾಗಕ್ಕೆ ಹೋಗಬೇಕು ಅನ್ನುವವರಿಗೆ ಇದು. ಎಲ್‌ಡಿಒಗೆ ಸಾಮಾನ್ಯವಾಗಿ 8ರಿಂದ 16 ವರ್ಷದ ಸೇವೆ, ದರ್ಜೆ ಇ-6 (ಸೇಲರ್ ದರ್ಜೆಗಳಲ್ಲಿ ಆರನೆಯದು) ಅಥವಾ ಮೇಲೆ. ವಾರಂಟ್‌ಗೆ ಸಾಮಾನ್ಯವಾಗಿ ಚೀಫ್ (ಇ-7 ದರ್ಜೆಯ ಹಿರಿಯ ಸೇಲರ್) ಆಗಿರಬೇಕು, ಸೇವೆ 12ರ ಮೇಲೆ. ವಾರಂಟ್ ಆಫೀಸರ್‌ಗೆ ಕಾಗದದ ಕೆಲಸ ಇದ್ದರೂ ಯಂತ್ರದ ಹತ್ತಿರವೇ ಇರುತ್ತಾರೆ. ಟರ್ಬೈನ್ ಪ್ರೀತಿಸುವವರು ಎಂದು ಮೇಲೆ ಹೇಳಿದೆನಲ್ಲ, ಅವರು ಕಾದರೂ ಪರವಾಗಿಲ್ಲ, ಇಲ್ಲಿಗೇ ಬರುವುದು ಒಳ್ಳೆಯದು.

ನರ್ಸಿಂಗ್ ಕಡೆ ಹೋಗುವವರಿಗೆ ಪ್ರತ್ಯೇಕ ಯೋಜನೆ ಇದೆ. ಕೆಲಸ ಬಿಟ್ಟು ಆರ್‌ಒಟಿಸಿ ವಿದ್ಯಾರ್ಥಿವೇತನಕ್ಕೆ ಹೋಗುವವರೂ ಇದ್ದಾರೆ, ಆದರೆ ಸಂಬಳ ನಿಲ್ಲುವುದರಿಂದ ಸಂಸಾರ ಇರುವವರಿಗೆ ಅದು ಕಷ್ಟ.

ಅರ್ಜಿ ಕಟ್ಟುವುದು

ಇದಕ್ಕೆ ಆಧಾರ ನೇವಿ ಮುಖ್ಯಸ್ಥರ ಕಚೇರಿಯ ಒಪಿನ್ಯಾವ್ ಸೂಚನೆ 1420.1ಬಿ. ಅದರ ಮೇಲೆ ಆಯಾ ವರ್ಷ ಇಡೀ ನೇವಿಗೆ ಕಳಿಸುವ ನ್ಯಾವ್‌ಅಡ್ಮಿನ್ ಸಂದೇಶ ಬಂದು ದಿನಾಂಕ, ನಿಯಮ ಬದಲಿಸುತ್ತದೆ. ಎರಡನ್ನೂ ಜೊತೆಗಿಟ್ಟು ಓದಿ. ಎರಡರಲ್ಲಿ ವ್ಯತ್ಯಾಸ ಕಂಡರೆ ಹೊಸ ಸಂದೇಶವೇ ಪ್ರಮಾಣ. ಕಮಾಂಡ್ ಕೆರಿಯರ್ ಕೌನ್ಸೆಲರ್ ಹತ್ತಿರ ಹೋಗಿ, ಆದರೆ ಎಲ್ಲ ಅವರೇ ಮಾಡಿಕೊಡುತ್ತಾರೆ ಎಂದುಕೊಳ್ಳಬೇಡಿ. ಅವರಿಗೆ ನೂರಾರು ಜನ. ಒಸಿಎಸ್‌ಗಾದರೆ ಹತ್ತಿರದ ಆಫೀಸರ್ ರಿಕ್ರೂಟರ್ ಜೊತೆಗೂ ಮಾತಾಡಿ.

ಕಳೆದ ಮೂರು ವರ್ಷದಲ್ಲಿ ಕ್ಯಾಪ್ಟನ್ ಮುಂದೆ ಶಿಕ್ಷೆಯಾಗಿದ್ದರೆ ಸದ್ಯಕ್ಕೆ ಅರ್ಜಿ ಹಾಕುವ ಹಾಗಿಲ್ಲ. ದೇಹದಾರ್ಢ್ಯ ಪರೀಕ್ಷೆಯಲ್ಲಿ ಅಂಚಿನ ಪಾಸು ಬೇಡ. ಇವೆಲ್ಲ ಮಾಮೂಲಿ.

ಆಯ್ಕೆ ಮಾಡುವ ಬೋರ್ಡ್ ಮೊದಲು ನೋಡುವುದು ನಿಮ್ಮ ಇವ್ಯಾಲ್ಯುಯೇಷನ್. ಅರ್ಲಿ ಪ್ರಮೋಟ್ ಎಂಬ ಮೇಲಿನ ಶ್ರೇಣಿಯನ್ನು ಒಂದು ದರ್ಜೆಯ ಗುಂಪಿನಲ್ಲಿ ನೂರಕ್ಕೆ 20 ಜನರಿಗಷ್ಟೇ ಕೊಡಬಹುದು. ಇವ್ಯಾಲ್ಯುಯೇಷನ್ ಬರೆಯುವ ಮುಂಚೆ ನಿಮ್ಮನ್ನೇ ಕೇಳುತ್ತಾರೆ, ಈ ವರ್ಷ ಏನು ಮಾಡಿದೆ ಬರೆದುಕೊಡು ಎಂದು. ಬ್ರ್ಯಾಗ್ ಶೀಟ್ ಎನ್ನುತ್ತಾರೆ. ನಮ್ಮವರು ಸೋಲುವುದು ಇಲ್ಲೇ. ತನ್ನ ಬಗ್ಗೆ ತಾನೇ ಹೇಳಿಕೊಳ್ಳಬಾರದು ಎಂದು ಮನೆಯಲ್ಲಿ ಕಲಿಸಿದ್ದಾರೆ. ಹಾಗಾಗಿ "ಕೆಲಸ ಚೆನ್ನಾಗಿ ಮಾಡಿದೆ" ಎಂದು ಬರೆದು ಕೊಡುತ್ತೇವೆ. ಪಕ್ಕದವನು ಅದೇ ಕೆಲಸಕ್ಕೆ "ಆರು ಜನರ ತಂಡ ನಡೆಸಿ, ಪಂಪ್ ರಿಪೇರಿಯನ್ನು ಎರಡು ವಾರ ಮುಂಚೆ ಮುಗಿಸಿ, ಹಡಗು ಹೇಳಿದ ದಿನ ಹೊರಡುವಂತೆ ಮಾಡಿದೆ" ಎಂದು ಬರೆದಿರುತ್ತಾನೆ. ಸುಳ್ಳಲ್ಲ ಅದು, ಲೆಕ್ಕ. ಪ್ರತಿ ಶುಕ್ರವಾರ ಐದು ನಿಮಿಷ ಕೂತು ಆ ವಾರದ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸಂದರ್ಶನ ಬೋರ್ಡಿನಲ್ಲಿ ಮೂವರು ಆಫೀಸರ್‌ಗಳಿರುತ್ತಾರೆ. "ಯಾಕೆ ಆಫೀಸರ್ ಆಗಬೇಕು?" ಎಂದು ಕೇಳಿಯೇ ಕೇಳುತ್ತಾರೆ. ಅಪ್ಪ ಅಮ್ಮನಿಗೆ ಹೆಮ್ಮೆ ಆಗಲಿ ಎಂಬ ಉತ್ತರ ನಿಜವೇ ಇರಬಹುದು, ಅಲ್ಲಿ ನಡೆಯುವುದಿಲ್ಲ. ಸಂಬಳದ ಉತ್ತರವೂ ನಡೆಯುವುದಿಲ್ಲ. ನಿಮ್ಮ ಕೆಳಗಿನ ಒಬ್ಬ ಸೇಲರ್‌ಗೆ ನೀವು ಏನು ಮಾಡಿಕೊಟ್ಟಿರಿ, ಆಫೀಸರ್ ಆಗಿದ್ದರೆ ಇನ್ನೇನು ಮಾಡಬಹುದಿತ್ತು, ಆ ಘಟನೆ ಹೇಳಿ. ಕಮಾಂಡಿಂಗ್ ಆಫೀಸರ್ ಶಿಫಾರಸು ಇಲ್ಲದೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಅವರ ವರ್ಗಾವಣೆ ಯಾವಾಗ ಎಂದು ತಿಳಿದುಕೊಳ್ಳಿ. ನಿಮ್ಮ ಕೆಲಸ ಒಂದೂವರೆ ವರ್ಷ ನೋಡಿದವರು ಬರೆಯುವುದಕ್ಕೂ, ಮೊನ್ನೆ ಬಂದವರು ಬರೆಯುವುದಕ್ಕೂ ಬಹಳ ವ್ಯತ್ಯಾಸ.

ನಿಮ್ಮ ಚೀಫ್‌ಗೆ ಎಲ್ಲರಿಗಿಂತ ಮುಂಚೆ ಹೇಳಿ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು.

ದುಡ್ಡು, ಪಿಂಚಣಿ, ಗೆಳೆಯರು

ಸೇಲರ್ ಆಗಿ ನಾಲ್ಕು ವರ್ಷಕ್ಕಿಂತ ಹೆಚ್ಚು ಸಕ್ರಿಯ ಸೇವೆ ಇದ್ದು ಕಮಿಷನ್ ಆದರೆ ಸಂಬಳದ ಪಟ್ಟಿಯಲ್ಲಿ ಒ-1ಇ ಎಂಬ ಬೇರೆ ಸಾಲು ನಿಮ್ಮದು, ನೇರ ಕಾಲೇಜಿನಿಂದ ಬಂದ ಎನ್‌ಸೈನ್‌ಗಿಂತ ಚೆನ್ನಾಗೇ ಜಾಸ್ತಿ. ಮೂರು ವರ್ಷ ಹತ್ತು ತಿಂಗಳಿಗೆ ಕಮಿಷನ್ ದಿನಾಂಕ ಬರುವಂತಿದ್ದರೆ ನಾಲ್ಕು ವರ್ಷ ದಾಟುವವರೆಗೆ ಮುಂದೂಡಲು ಸಾಧ್ಯವಾ ಎಂದು ಕೇಳಿ ನೋಡಿ. ಆದರೆ ಖರ್ಚೂ ಏರುತ್ತದೆ: ಯೂನಿಫಾರ್ಮ್ ಬಹುಪಾಲು ನಿಮ್ಮ ದುಡ್ಡಿನಲ್ಲೇ, ಹಡಗಿನ ವಾರ್ಡ್‌ರೂಮಿನಲ್ಲಿ (ಆಫೀಸರ್‌ಗಳ ಊಟದ ಕೋಣೆ) ಊಟದ ಬಿಲ್ಲೂ ನಿಮ್ಮದೇ.

ತಡವಾಗಿ ಹೊರಟವರು ಪಿಂಚಣಿಯ ಒಂದು ನಿಯಮ ಮರೆಯುತ್ತಾರೆ. ಒಟ್ಟು 20 ವರ್ಷ ಆದರೆ ನಿವೃತ್ತಿ ಸಿಗುತ್ತದೆ, ಸರಿ. ಆದರೆ ಎಲ್‌ಡಿಒ ಆಗಲಿ, ಒಸಿಎಸ್‌ನಿಂದ ಬಂದವರಾಗಲಿ, ಆಫೀಸರ್ ದರ್ಜೆಯಲ್ಲೇ ನಿವೃತ್ತರಾಗಲು ಸಾಮಾನ್ಯವಾಗಿ 10 ವರ್ಷ ಕಮಿಷನ್ಡ್ ಸೇವೆ ಬೇಕು. 14ನೇ ವರ್ಷಕ್ಕೆ ಕಮಿಷನ್ ಆದರೆ 24ರವರೆಗೆ ಇರಬೇಕು ಎಂದಾಯಿತು. ಮಗಳು ಹೈಸ್ಕೂಲಿನಲ್ಲಿದ್ದಾಳೆ, ಊರು ಬಿಡಲು ಮನಸ್ಸಿಲ್ಲ ಎನ್ನುವವರು ಇದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಗೆಳೆತನದ ವಿಷಯವೂ ಇದೆ. ಆಫೀಸರ್ ಮತ್ತು ಸೇಲರ್ ನಡುವೆ ಸಲಿಗೆಯ ಸ್ನೇಹಕ್ಕೆ ನಿಯಮ ಅಡ್ಡ ಬರುತ್ತದೆ. ಮುಂಚೆಯೇ ಆಗಿರುವ ಮದುವೆಗೆ ತೊಂದರೆ ಇಲ್ಲ. ಆದರೆ ಪಕ್ಕದ ಬಂಕಿನಲ್ಲಿ ಮಲಗುತ್ತಿದ್ದವನ ಜೊತೆ ಶನಿವಾರದ ಪಾರ್ಟಿ ಇನ್ನು ಹಳೇ ತರಹ ಆಗುವುದಿಲ್ಲ.

ಮೊದಲ ಸಲ ಆಯ್ಕೆ ಆಗದೆ ಹೋಗುವುದು ಸಾಮಾನ್ಯ. ಮತ್ತೆ ಹಾಕಬಹುದು, ಎರಡು ಮೂರು ಸಲ ಹಾಕಿ ಸಿಕ್ಕವರು ತುಂಬಾ ಜನ. ಆದರೆ ಅದೇ ಅರ್ಜಿಗೆ ಹೊಸ ದಿನಾಂಕ ಹಾಕಿ ಕಳಿಸಬೇಡಿ. ಸಂದರ್ಶನ ಮಾಡಿದ ಮೂವರಲ್ಲಿ ಒಬ್ಬರನ್ನು ಹುಡುಕಿ ಎಲ್ಲಿ ಕಡಿಮೆ ಬಿತ್ತು ಎಂದು ನೇರವಾಗಿ ಕೇಳಿ. ಗಣಿತದಲ್ಲಿ ಬಿ ಇದ್ದರೆ ಇನ್ನೊಂದು ಗಣಿತದ ಕೋರ್ಸ್ ಮಾಡಿ ಎ ತೆಗೆಯಿರಿ, ವಾರ್‌ಫೇರ್ ಪಿನ್ (ತನ್ನ ವಿಭಾಗದ ಅರ್ಹತೆಯ ಬ್ಯಾಡ್ಜ್) ಇಲ್ಲದಿದ್ದರೆ ಈ ವರ್ಷ ಅದನ್ನು ಮುಗಿಸಿ. ವಯಸ್ಸಿನ ಗಡಿ ಹತ್ತಿರ ಇದ್ದರೆ ಎಸ್‌ಟಿಎ-21ರ ಆಸೆ ಬಿಟ್ಟು ಟ್ಯೂಷನ್ ಅಸಿಸ್ಟೆನ್ಸಿನಲ್ಲಿ ಪದವಿ ಮುಗಿಸಿ ಒಸಿಎಸ್ ಕಡೆ ತಿರುಗಿ. ಅಂಕಪಟ್ಟಿ, ಮೌಲ್ಯಮಾಪನ, ಪೌರತ್ವ ಪತ್ರ, ಹಳೆಯ ಇವ್ಯಾಲ್ಯುಯೇಷನ್‌ಗಳ ಪ್ರತಿಗಳನ್ನು ಹಡಗಿನ ಕಂಪ್ಯೂಟರಿನಲ್ಲಷ್ಟೇ ಇಡಬೇಡಿ. ಮನೆಯಲ್ಲೂ ಒಂದು ಕಡತ ಇರಲಿ, ಅಮ್ಮನಿಗೆ ಅದು ಎಲ್ಲಿದೆ ಎಂದು ಹೇಳಿರಿ.